ಹೆಣ್ಣು, ಜಾತಿ, ಬಡತನ: ಮೂರನ್ನೂ ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಿದರೆ ಸಾಕಾ?

ಪ್ರಶ್ನೆ ಕೇಳಿದವರು: ಎಂ.ಎ. ವಿದ್ಯಾರ್ಥಿನಿ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ನಾನು ಎಂ.ಎ. ಸೋಷಿಯಾಲಜಿ ಓದುತ್ತಿದ್ದೇನೆ. ಜನಾಂಗ, ವರ್ಗ, ಲಿಂಗ, ಈ ಮೂರರ ಅಸಮಾನತೆಯೂ ಒಬ್ಬರ ಮೇಲೆಯೇ ಬಿದ್ದರೆ ಏನಾಗುತ್ತದೆ ಅಂತ ಈ ಸಲ ಒಂದು ಪಾಠ ಉಂಟು. ಪುಸ್ತಕದ ಉದಾಹರಣೆಗಳೆಲ್ಲ ಅಮೆರಿಕದ್ದು. ಸೆಮಿನಾರಿಗೆ ನಮ್ಮ ಊರಿನದ್ದೇ ಬೇಕು ಅಂತ ಟೀಚರ್ ಹೇಳಿದ್ದಾರೆ. ಜನಾಂಗದ ಜಾಗದಲ್ಲಿ ನಮಗೆ ಜಾತಿ ಉಂಟಲ್ಲ, ಹಾಗಾಗಿ ಬೀಡಿ ಕಟ್ಟುವ ಹೆಂಗಸರ ಬಗ್ಗೆ ಬರೆಯೋಣ ಅಂತ ಇದ್ದೇನೆ.

ನಮ್ಮ ಅಮ್ಮ ಮದುವೆಗೆ ಮುಂಚಿನಿಂದಲೂ ಬೀಡಿ ಕಟ್ಟುತ್ತಾರೆ. ತೋಡಿನ ಆಚೆ ಮನೆಯ ಅಕ್ಕನೂ ಕಟ್ಟುತ್ತಾರೆ. ಅವರು ಕೊರಗ ಸಮುದಾಯದವರು, ಹಿಂದಿನಿಂದಲೂ ಮುಟ್ಟದೆ ದೂರ ಇಟ್ಟ ಇಲ್ಲಿಯ ಆದಿವಾಸಿಗಳು. ಇಬ್ಬರೂ ಹೋಗುವುದು ಒಂದೇ ಬ್ರಾಂಚಿಗೆ, ಅಂದರೆ ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಜಾಗಕ್ಕೆ. ಎಲೆ, ಹೊಗೆಸೊಪ್ಪು, ನೂಲು ಎಲ್ಲ ಒಂದೇ. ಸಾವಿರ ಬೀಡಿಗೆ ಸಿಗುವ ಮಜೂರಿಯೂ ಒಂದೇ. ಆದರೆ ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ ವ್ಯತ್ಯಾಸ ಕಾಣುತ್ತದೆ. ಅಮ್ಮ ಸೀದಾ ಹೋಗಿ ಬೀಡಿ ಕಟ್ಟುಗಳನ್ನು ಮೇಜಿನ ಮೇಲೆ ಇಡುತ್ತಾರೆ. ಅಕ್ಕ ನೆಲದಲ್ಲಿ ಇಟ್ಟು ಬಾಗಿಲ ಹತ್ತಿರ ಕಾಯುತ್ತಾರೆ. ನೆಲದಲ್ಲಿ ಇಡು ಅಂತ ಅವರಿಗೆ ಯಾರೂ ಹೇಳುವುದಿಲ್ಲ, ಮೇಲೆ ಇಡು ಅಂತಲೂ ಯಾರೂ ಹೇಳುವುದಿಲ್ಲ. ಬೀಡಿ ಸಪುರ ಆಯಿತು ಅಂತ ಒಂದಷ್ಟು ತೆಗೆದು ಬಿಸಾಡಿದರೆ ಅಮ್ಮ ತುಳುವಿನಲ್ಲಿ ಎರಡು ಮಾತು ಜೋರಾಗಿಯೇ ಕೇಳುತ್ತಾರೆ. ಅಕ್ಕನದ್ದು ಎಷ್ಟು ತೆಗೆದರೂ ಅವರು ಬಾಯಿ ಬಿಡುವುದಿಲ್ಲ.

ಇನ್ನೊಂದು ವಿಷಯ. ಅಕ್ಕನ ಹೆಸರಿನಲ್ಲಿ ಪಾಸ್‌ಬುಕ್, ಅಂದರೆ ಬೀಡಿಯ ಲೆಕ್ಕ ಬರೆಯುವ ಪುಸ್ತಕ, ಇಲ್ಲ. ನಮ್ಮ ಚಿಕ್ಕಮ್ಮ ಸೊಂಟ ನೋವಿನಿಂದ ಬೀಡಿ ಕಟ್ಟುವುದನ್ನು ಬಿಟ್ಟಿದ್ದಾರೆ. ಅವರ ಪಾಸ್‌ಬುಕ್‌ನಲ್ಲಿ ಅಕ್ಕನ ಬೀಡಿ ಹೋಗುತ್ತದೆ. ಕಟ್ಟಿದ ಮಜೂರಿ ಅಕ್ಕನಿಗೆ ಸಿಗುತ್ತದೆ, ಪಿ.ಎಫ್., ಬೋನಸ್ ಎಲ್ಲ ಚಿಕ್ಕಮ್ಮನ ಹೆಸರಿಗೆ.

ಮಾವನ ಮಗನ ಹತ್ತಿರ ಹೇಳಿದರೆ, ಇದು ಬಡತನದ ಪ್ರಶ್ನೆ, ಮಜೂರಿ ಸರಿಯಾದರೆ ಎಲ್ಲ ಸರಿಯಾಗುತ್ತದೆ ಅನ್ನುತ್ತಾನೆ. ಕ್ಲಾಸಿನ ಗೆಳತಿ, ಹೆಂಗಸರ ಕೆಲಸಕ್ಕೆ ಬೆಲೆ ಇಲ್ಲದ್ದೇ ಮೂಲ ಅನ್ನುತ್ತಾಳೆ. ಇಬ್ಬರು ಹೇಳುವುದೂ ಸುಳ್ಳಲ್ಲ. ಆದರೆ ನಮ್ಮ ಅಮ್ಮನೂ ಬಡವರೇ, ಹೆಂಗಸೇ. ಹಾಗಾದರೆ ಅಕ್ಕನ ಕಷ್ಟ ಅಮ್ಮನ ಕಷ್ಟಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇನಾ? ಅಥವಾ ಅದು ಬೇರೆಯೇ ಬಗೆಯದ್ದಾ? ತಿಳಿದವರು ಹೇಳಿ.

ಉತ್ತರ 1: ಹಳೆಯ ಬೀಡಿ ಕಾರ್ಮಿಕ, ನೀಲೇಶ್ವರ

ತಂಗೀ, ನಿನ್ನ ಮಾವನ ಮಗನ ಮಾತನ್ನು ಅಷ್ಟು ಬೇಗ ಬದಿಗೆ ಇಡಬೇಡ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಬಂತು. ಕೇರಳ ಅದನ್ನು ಜಾರಿ ಮಾಡಲು ಹೊರಟಾಗ ಮಂಗಳೂರಿನ ದೊಡ್ಡ ಕಂಪೆನಿಗಳು ಇಲ್ಲಿಯ ಕೆಲಸ ನಿಲ್ಲಿಸಿದವು. ಸಾವಿರಾರು ಮಂದಿಯ ಅನ್ನ ಹೋಯಿತು. ಆ ಸಂಕಟದಲ್ಲೇ 1969ರಲ್ಲಿ ಕಣ್ಣೂರಿನಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿದ್ದು.

ಬೀಡಿ ಶೆಡ್ಡುಗಳಲ್ಲಿ ಸಾಲಾಗಿ ಕೂತು ಕಟ್ಟುತ್ತಿದ್ದರು. ಒಬ್ಬ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದ. ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಶಾಲೆಗೆ ಹೋಗದವರಿಗೂ ಲೋಕದ ಸುದ್ದಿ ಗೊತ್ತಿತ್ತು. ಹಾಗೆ ಪಕ್ಕ ಪಕ್ಕ ಕೂತವರು ಜಾತಿ ಕೇಳುವುದನ್ನು ಬಿಡುತ್ತಾ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜಾತಿಯದ್ದೊಂದು, ಹೆಂಗಸರದ್ದೊಂದು ಅಂತ ಗುಂಪು ಮಾಡಿದರೆ ಲಾಭ ಕಂಟ್ರಾಕ್ಟರಿಗೆ. ನನ್ನ ಭಯ ಅದೊಂದೇ.

ಉತ್ತರ 2: ವಕೀಲೆ, ಕಾಸರಗೋಡು

ಅಣ್ಣ ಹೇಳಿದ ಶೆಡ್ಡಿನಿಂದಲೇ ಶುರು ಮಾಡುತ್ತೇನೆ. ಆ ಒಗ್ಗಟ್ಟು ಬಂದದ್ದು ಒಟ್ಟಿಗೆ ಕೂತದ್ದರಿಂದ, ಅಲ್ವಾ? ಈ ತಂಗಿ ಹೇಳುವ ಹೆಂಗಸರು ಕೂರುವುದು ಅವರವರ ಮನೆಯ ಜಗಲಿಯಲ್ಲಿ. ಒಲೆಯ ಮೇಲೆ ಅನ್ನ, ತೊಟ್ಟಿಲಲ್ಲಿ ಮಗು, ಮಡಿಲಲ್ಲಿ ಬೀಡಿ ಕಟ್ಟುವ ತಡ್ಪೆ (ಮೊರ). ಪತ್ರಿಕೆ ಓದಿ ಹೇಳುವವರಿಲ್ಲ. ಬೀಡಿ ಕಡಿತ ಮಾಡಿದ್ದು ತನಗೆ ಮಾತ್ರವಾ ಎಲ್ಲರಿಗೂವಾ ಅಂತ ತಿಳಿಯಬೇಕಾದರೂ ಬ್ರಾಂಚಿನಲ್ಲಿ ಸಾಲು ನಿಲ್ಲುವವರೆಗೆ ಕಾಯಬೇಕು. ಮಜೂರಿಗಾಗಿ ಒಟ್ಟಾಗಲು ಒಂದು ಜಾಗ ಬೇಕಲ್ಲ, ಹೆಂಗಸು ಮನೆ ಬಿಟ್ಟು ಹೊರಡಲು ಆಗದ ಕಾರಣಕ್ಕೆ ಅವಳಿಗೆ ಆ ಜಾಗವೇ ಸಿಗಲಿಲ್ಲ. ಇಲ್ಲಿ ವರ್ಗ ಎಲ್ಲಿ ಮುಗಿಯಿತು, ಲಿಂಗ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆದು ತೋರಿಸಿ ನೋಡೋಣ.

ತಂಗೀ, ನಿನ್ನ ಪುಸ್ತಕದಲ್ಲಿ ಡಿಗ್ರಾಫೆನ್‌ರೀಡ್ ಕೇಸು ಇರಬಹುದು. ಸುಮ್ನೆ ಪರೀಕ್ಷೆಗೆ ಅಂತ ಓದಬೇಡ, ಪೂರ್ತಿ ಓದು. ಐದು ಮಂದಿ ಕಪ್ಪು ಹೆಂಗಸರು ಜನರಲ್ ಮೋಟರ್ಸ್ ಮೇಲೆ ಹಾಕಿದ ಕೇಸು ಅದು. ಸೇಂಟ್ ಲೂಯಿಸ್‌ನಲ್ಲಿದ್ದ ಕಾರ್ಖಾನೆಯ ವಿಷಯ. 1964ಕ್ಕೆ ಮುಂಚೆ ಕಂಪೆನಿ ಕಪ್ಪು ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಂಡಿರಲಿಲ್ಲ. ಆಮೇಲೆ ವ್ಯಾಪಾರ ಇಳಿದಾಗ, ಕೊನೆಗೆ ಸೇರಿದವರು ಮೊದಲು ಹೊರಗೆ ಅನ್ನುವ ನಿಯಮ ಹಾಕಿದರು. ನೋಡುವುದಕ್ಕೆ ಎಲ್ಲರಿಗೂ ಒಂದೇ ನಿಯಮ. ಆದರೆ ಕಪ್ಪು ಹೆಂಗಸರು ಸೇರಿದ್ದೇ ಕೊನೆಗೆ. 1970ರ ನಂತರ ಸೇರಿದವರೆಲ್ಲ ಕೆಲಸ ಕಳೆದುಕೊಂಡರು.

1976ರಲ್ಲಿ ಕೋರ್ಟ್ ಏನು ಹೇಳಿತು ಗೊತ್ತಾ? ಕಂಪೆನಿ 1964ಕ್ಕೆ ಮುಂಚೆಯೂ ಹೆಂಗಸರನ್ನು ತೆಗೆದುಕೊಂಡಿದೆ, ಆದ್ದರಿಂದ ಹೆಣ್ಣು ಅನ್ನುವ ಕಾರಣಕ್ಕೆ ಭೇದ ಆಗಿಲ್ಲ. ಆ ಹೆಂಗಸರೆಲ್ಲ ಬಿಳಿಯರು. ಕಪ್ಪು ಬಣ್ಣದ ಕಾರಣಕ್ಕೆ ಭೇದ ಆಗಿದ್ದರೆ ಅದಕ್ಕೆ ಬೇರೆ ಕೇಸು ನಡೆಯುತ್ತಿದೆ, ಅದರೊಂದಿಗೆ ಸೇರಿಕೊಳ್ಳಿ. ಎರಡನ್ನೂ ಒಟ್ಟು ಮಾಡಿ ಕಪ್ಪು ಹೆಂಗಸರು ಅಂತ ಹೊಸದೊಂದು ವರ್ಗ ಮಾಡಿಕೊಂಡು ಬರಲು ಆಗುವುದಿಲ್ಲ. ಆ ಐವರು ಎರಡು ಪಟ್ಟಿಯಲ್ಲೂ ಇದ್ದರು. ಆದರೂ ಯಾವ ಪಟ್ಟಿಯೂ ಅವರ ಕೈ ಹಿಡಿಯಲಿಲ್ಲ. ಕಿಂಬರ್ಲಿ ಕ್ರೆನ್‌ಶಾ ಅನ್ನುವ ಕಾನೂನು ಪ್ರಾಧ್ಯಾಪಕಿ 1989ರಲ್ಲಿ ಬರೆದ ಲೇಖನದಲ್ಲಿ ಈ ಕೇಸನ್ನೇ ಎತ್ತಿಕೊಂಡು, ದಾರಿಗಳು ಕೂಡುವ ಜಾಗದಲ್ಲಿ ನಿಂತವಳಿಗೆ ಗಾಡಿ ಯಾವ ಕಡೆಯಿಂದಲೂ ಬಂದು ಬಡಿಯಬಹುದು ಅಂದರು.

ಈಗ ನಿಮ್ಮ ಅಕ್ಕನ ಪಾಸ್‌ಬುಕ್ಕಿಗೆ ಬರೋಣ. ಮನೆಯಲ್ಲಿ ಕೂತು ಬೀಡಿ ಕಟ್ಟುವವರನ್ನೂ ಕಾರ್ಮಿಕರು ಅಂತ 1966ರ ಕಾನೂನೇ ಒಪ್ಪಿತ್ತು. ಅವರಿಗೂ ಪಿ.ಎಫ್. ಉಂಟು ಅಂತ ಸುಪ್ರೀಂ ಕೋರ್ಟ್ 1985ರಲ್ಲಿ ತೀರ್ಪು ಕೊಟ್ಟಿತು. ದೊಡ್ಡ ಗೆಲುವು ಅದು. ಸಾವಿರಾರು ಹೆಂಗಸರಿಗೆ ವಯಸ್ಸಾದ ಮೇಲೆ ಕೈಗೆ ನಾಲ್ಕು ಕಾಸು ಸಿಕ್ಕಿದ್ದು ಅದರಿಂದ. ಆದರೆ ಹಕ್ಕು ಹೋಗುವುದು ಪುಸ್ತಕದಲ್ಲಿ ಯಾರ ಹೆಸರು ಉಂಟೋ ಅವರಿಗೆ. ಅಕ್ಕನಿಗೆ ಪುಸ್ತಕ ಯಾಕಿಲ್ಲ ಅಂತ ಕೇಳುತ್ತಾ ಹೋಗು. ವಯಸ್ಸಿಗೆ ದಾಖಲೆ ಇಲ್ಲದಿರಬಹುದು. ದಾಖಲೆ ಯಾಕಿಲ್ಲ? ಶಾಲೆ ಅರ್ಧಕ್ಕೆ ಬಿಟ್ಟಿರಬಹುದು. ಯಾಕೆ ಬಿಟ್ಟರು? ಹೀಗೆ ಹೋದರೆ ಜಾತಿಗೆ ಬಂದು ಮುಟ್ಟುತ್ತೀ. ಒಂದು ವಾರ ಎಲೆ ಕೊಡದಿದ್ದರೆ ಅಂಗಡಿ ಸಾಲ ತೀರಿಸಲು ಆಗುವುದಿಲ್ಲ, ಆದ್ದರಿಂದ ಜಗಳ ಮಾಡಲು ಧೈರ್ಯ ಸಾಲದು. ಅದು ಬಡತನ. ಬೇರೆ ಕೆಲಸಕ್ಕೆ ಹೋಗೋಣ ಅಂದರೆ ಮಕ್ಕಳನ್ನು ನೋಡುವವರಿಲ್ಲ. ಅದು ಹೆಣ್ಣಾದದ್ದು. ಒಂದು ಕಷ್ಟವೇ ಇನ್ನೊಂದಕ್ಕೆ ಬಾಗಿಲು ತೆರೆಯುತ್ತದೆ. ಅದಕ್ಕೇ ಕೂಡಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಚಿಕ್ಕಮ್ಮನ ವಿಷಯವನ್ನು ಬಿಡಬೇಡ. ಅವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಸೊಂಟ ಹೋದದ್ದು ಅದೇ ಬೀಡಿಯಿಂದ ಅಲ್ವಾ. ಆದರೆ ಹೆಂಗಸರಿಗೆ ಅಂತ ಗೆದ್ದ ಹಕ್ಕು ಒಬ್ಬ ಹೆಂಗಸಿನ ಕೈಯಿಂದ ಇನ್ನೊಬ್ಬ ಹೆಂಗಸಿಗೆ ಹೋಗುವಾಗ ಯಾವ ದಿಕ್ಕಿಗೆ ಹರಿಯಿತು ನೋಡು. ನಿನ್ನ ಸೆಮಿನಾರಿನ ಜೀವ ಅಲ್ಲಿ ಉಂಟು.

ನಮ್ಮ ದೇಶದ ಕೋರ್ಟಿನ ಉದಾಹರಣೆ ಬೇಕಾದರೆ 2021ರ ಪಠಾಣ್ ಜಮಾಲ್ ವಲಿ ಕೇಸು ಹಾಕು. ಆಂಧ್ರದ್ದು. ಕಣ್ಣು ಕಾಣದ, ಪರಿಶಿಷ್ಟ ಜಾತಿಯ ಹುಡುಗಿಯ ಮೇಲೆ ನಡೆದ ಅತ್ಯಾಚಾರ. ಹೆಣ್ಣು, ಜಾತಿ, ಅಂಗವೈಕಲ್ಯ ಮೂರೂ ಕೂಡಿದಾಗ ಆಗುವ ಹಿಂಸೆಯನ್ನು ಬಿಡಿ ಬಿಡಿಯಾಗಿ ನೋಡಬಾರದು ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ವಿವರವಾಗಿ ಬರೆದಿದೆ. ಜಾತಿಯೊಂದೇ ಕಾರಣ ಆಗಿರಬೇಕು ಅಂತ ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯನ್ನು ಓದಬಾರದು ಅಂತಲೂ ಹೇಳಿತು. ಜೀವಾವಧಿ ಶಿಕ್ಷೆ ಉಳಿಯಿತು. ಆದರೂ ದೌರ್ಜನ್ಯ ತಡೆ ಕಾಯ್ದೆಯ ಕೆಳಗಿನ ಶಿಕ್ಷೆ ಬಿದ್ದುಹೋಯಿತು. ಜಾತಿಯೂ ಒಂದು ಕಾರಣ ಅನ್ನುವುದಕ್ಕೆ ದಾಖಲೆಯಲ್ಲಿ ಸಾಕ್ಷ್ಯ ಇರಲಿಲ್ಲ. ಘಟನೆ ನಡೆದಾಗ ಇದ್ದ ಕಾನೂನು ಆ ಸಾಕ್ಷ್ಯ ಕೇಳುತ್ತಿತ್ತು. 2016ರ ಜನವರಿಯಿಂದ ಅದು ಬದಲಾಗಿದೆ, ಸಂತ್ರಸ್ತೆಯ ಜಾತಿ ಆರೋಪಿಗೆ ಗೊತ್ತಿತ್ತು ಅಂತ ತೋರಿಸಿದರೆ ಸಾಕು. ಈ ತೀರ್ಪನ್ನು ಓದುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಉತ್ತರ 3: ಅಂಗನವಾಡಿ ಟೀಚರ್, ಪೈವಳಿಕೆ

ವಕೀಲೆ ಮೇಡಂ ಹೇಳಿದ್ದರ ಜೊತೆ ಭಾಷೆಯನ್ನೂ ಸೇರಿಸಿ. ಇದು ಕಾಸರಗೋಡು.

ಊರು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಾವು ಕನ್ನಡದವರು ಇಲ್ಲಿ ಕಡಿಮೆ ಮಂದಿ. ಮಲಯಾಳದ ಅರ್ಜಿ ಓದಲಾಗದೆ ಒದ್ದಾಡಿದ್ದು ನಮಗೆಲ್ಲ ಗೊತ್ತು. ಕನ್ನಡದಲ್ಲೇ ಸರಕಾರಕ್ಕೆ ಬರೆಯುವ ಹಕ್ಕು 1969ರ ಆಡಳಿತ ಭಾಷಾ ಕಾನೂನಿನಲ್ಲೇ ಬಂದಿತ್ತು, ಅದಕ್ಕಾಗಿ ಈಗಲೂ ಹೋರಾಡುತ್ತಿದ್ದೇವೆ. ಹೋರಾಡಬೇಕು ಕೂಡ. ಆದರೆ ಕೊರಗರ ಮನೆಯ ಮಗುವಿಗೆ ಮಲಯಾಳವೂ ಮನೆಮಾತಲ್ಲ, ಕನ್ನಡವೂ ಅಲ್ಲ. ನಮ್ಮ ಮೆರವಣಿಗೆಯಲ್ಲಿ ಅವಳ ಮಾತು ಬಂದದ್ದನ್ನು ನಾನು ಕೇಳಿಲ್ಲ.

ನನ್ನಲ್ಲಿಗೆ ಬರುತ್ತಿದ್ದ ಒಬ್ಬಳು ಹುಡುಗಿ ಬುಟ್ಟಿ ಹೆಣೆಯುವ ಬೀಳುಗಳನ್ನು ಮುಟ್ಟಿಯೇ ಇದು ಮುರಿಯುತ್ತದೆ, ಇದು ಬಾಗುತ್ತದೆ ಅಂತ ಹೇಳುತ್ತಿದ್ದಳು. ಅಜ್ಜಿಯ ಜೊತೆ ಕಾಡಿಗೆ ಹೋಗಿ ಕಲಿತದ್ದು. ತುಂಬ ಮಾತು. ಒಂದನೇ ಕ್ಲಾಸಿಗೆ ಹೋದ ಮೇಲೆ ಮಾತು ನಿಂತಿತು. ದೊಡ್ಡವಳಾಗುತ್ತಾ ಬಂದ ಹಾಗೆ ಅಮ್ಮ ಸುತ್ತಿದ ಬೀಡಿಯ ತಲೆ ಮಡಚುವುದು, ತಮ್ಮನನ್ನು ನೋಡುವುದು ಅವಳ ಪಾಲಿಗೆ ಬಂತು. ಅವಳ ಅಣ್ಣ ಹಾಸ್ಟೆಲಿಗೆ ಹೋದ, ಓದುತ್ತಿದ್ದಾನೆ. ಸಮುದಾಯದ ಮಕ್ಕಳಿಗೆ ಹಾಸ್ಟೆಲ್ ಉಂಟು ಅಂತ ಎಲ್ಲರೂ ಹೇಳುತ್ತಾರೆ, ಹೌದು, ಉಂಟು. ಮನೆಯಲ್ಲಿ ಕೂಸು ಇದ್ದರೆ ಹೊರಡುವುದು ಗಂಡುಮಗ. ಪಾಸ್‌ಬುಕ್ ಇಲ್ಲದ ಇನ್ನೊಬ್ಬ ಅಕ್ಕ ತಯಾರಾಗುವುದು ಹೀಗೆ.

ಮತ್ತೆ, ಬರೆಯುವ ಮುಂಚೆ ಆ ಅಕ್ಕನ ಹತ್ತಿರ ಕೇಳು ಮಗಳೇ. ಹೆಸರು, ಮನೆ ಗುರುತು ಸಿಗುವ ಹಾಗೆ ಬರೆಯಬೇಡ. ನಾಳೆ ಬ್ರಾಂಚಿನಲ್ಲಿ ಎಲೆ ನಿಂತರೆ ಸೆಮಿನಾರು ಅವರಿಗೆ ಅನ್ನ ಹಾಕುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಟೀಚರ್, ನಿನ್ನೆ ಸಂಜೆ ಅಕ್ಕನ ಮನೆಗೆ ಹೋಗಿ ಕೇಳಿದೆ. ಊರಿನ ಹೆಸರು ಹಾಕದಿದ್ದರೆ ಬರೆಯಬಹುದು ಅಂದರು. ಆಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು: ಈಗ ನನ್ನ ಹೆಸರಿಗೆ ಪಾಸ್‌ಬುಕ್ ಮಾಡಿಸಿದರೆ, ಇಷ್ಟು ವರ್ಷ ಕಟ್ಟಿದ್ದಕ್ಕೆ ಏನಾದರೂ ಸಿಗುತ್ತದಾ? ನನಗೆ ಉತ್ತರ ಗೊತ್ತಿರಲಿಲ್ಲ. ಚಿಕ್ಕಮ್ಮನ ಹತ್ತಿರ ಇನ್ನೂ ಮಾತಾಡಿಲ್ಲ, ಅಮ್ಮನೇ ಮಾತಾಡುತ್ತೇನೆ ಅಂದಿದ್ದಾರೆ.

ಹಳೆಯ ಬೀಡಿ ಕಾರ್ಮಿಕ, ನೀಲೇಶ್ವರ

ತಂಗೀ, ಹೊಸ ಪಾಸ್‌ಬುಕ್ಕಿಗೆ ಏನೇನು ಕಾಗದ ಬೇಕು ಅಂತ ನಿಮ್ಮ ಕಡೆಯ ಯೂನಿಯನ್‌ನವರಲ್ಲಿ ವಿಚಾರಿಸಿ ಇಲ್ಲೇ ಹಾಕುತ್ತೇನೆ. ಶಾಲೆಯ ಸರ್ಟಿಫಿಕೇಟ್ ಇಲ್ಲದಿದ್ದರೂ ಆಧಾರ್, ರೇಷನ್ ಕಾರ್ಡ್ ತೆಗೆದಿಟ್ಟುಕೊಳ್ಳಲಿ. ಬ್ರಾಂಚಿಗೆ ಅವರೊಬ್ಬರನ್ನೇ ಕಳಿಸಬೇಡ, ಕಟ್ಟುವ ಹೆಂಗಸರು ನಾಲ್ಕು ಮಂದಿ ಜೊತೆಗೆ ಹೋಗಲಿ, ನಿನ್ನ ಅಮ್ಮನೂ ಹೋಗಲಿ. ಹಳೆಯ ವರ್ಷಗಳ ಪಿ.ಎಫ್. ವಿಷಯ ವಕೀಲೆಯವರೇ ಹೇಳಬೇಕು. ನಾನೂ ಉತ್ತರ ಕಾಯುತ್ತಿದ್ದೇನೆ.