‘ಬಂದುಬಿಟ್ಟ’ ಎನ್ನುವಲ್ಲಿ ‘ಬಿಡು’ ಹೇಳುವುದೇನು?

ಗೆಳೆಯರೇ,

‘ಬಂದ’, ‘ಬಂದುಬಿಟ್ಟ’. ಇವೆರಡರ ನಡುವಿನ ವ್ಯತ್ಯಾಸ ಅರ್ಥದ್ದಾ, ಬರೀ ಭಾವದ್ದಾ? ನಿಮ್ಮ ಅಭಿಪ್ರಾಯ ಬೇಕು.

ಕೆಲಸ ಪೂರ್ತಿ ಮುಗಿದದ್ದನ್ನು ಈ ‘ಬಿಡು’ ತೋರಿಸುತ್ತದೆ ಎಂಬ ವಿವರಣೆ ಕೇಳಿರುತ್ತೀರಿ. ನನಗೆ ಅದು ಸಾಲದು. ‘ಬಂದ’ ಎಂದರೂ ಬರುವುದು ಮುಗಿದೇ ಇದೆ. ‘ಮಳೆ ಬಂದುಬಿಟ್ಟರೆ?’ ಎಂದು ಕೇಳುವಾಗ ಮಳೆ ಇನ್ನೂ ಬಂದೇ ಇಲ್ಲ. ಅಲ್ಲಿ ಕೇಳಿಸುವುದು ಅಳುಕು. ‘ಕೊಟ್ಟುಬಿಡು’ ಎಂದರೆ ಒತ್ತಾಯ. ‘ಗೆದ್ದುಬಿಟ್ಟ!’ ಎನ್ನುವುದರಲ್ಲಿ ಖುಷಿಯೂ ಇರಬಹುದು, ಹೊಟ್ಟೆಕಿಚ್ಚೂ ಇರಬಹುದು. ಹೇಳುವವರು ಯಾರ ಕಡೆ ಎಂದು ತಿಳಿಯದೆ ನಿರ್ಧರಿಸಲಾಗದು.

‘ಅವನು ಬಂದುಬಿಟ್ಟ’ ಎಂದವರಿಗೆ ‘ಸುಳ್ಳು’ ಎಂದು ನೋಡಿ. ನೀವು ಅಲ್ಲಗಳೆದದ್ದು ಅವನು ಬಂದದ್ದನ್ನು ಮಾತ್ರ. ಹೇಳಿದವರ ಅಚ್ಚರಿಗೋ ಬೇಸರಕ್ಕೋ ಆ ‘ಸುಳ್ಳು’ ತಾಗುವುದೇ ಇಲ್ಲ. ಜರ್ಮನಿಯ ತತ್ವಜ್ಞಾನಿ ಫ್ರೇಗೆ 1918ರ ಒಂದು ಲೇಖನದಲ್ಲಿ ಇಂಥದ್ದನ್ನೇ ಹೇಳುತ್ತಾನೆ. ಕುದುರೆಯನ್ನು ಗೌರವದ ಹೆಸರಿನಿಂದ ಕರೆದರೂ ತಾತ್ಸಾರದ ಹೆಸರಿನಿಂದ ಕರೆದರೂ ವಾಕ್ಯದ ವಿಚಾರ ಬದಲಾಗುವುದಿಲ್ಲ ಎನ್ನುತ್ತಾನೆ. ಹಾಗಾದರೆ ‘ಬಿಡು’ ಕೂಡ ಮಾತಿಗೆ ಬಳಿದ ಬಣ್ಣ ಅಷ್ಟೇನಾ?

ಇಂಥ ಜಗಳ ನಮ್ಮಲ್ಲಿ ಬಹಳ ಹಳೆಯದು. ವೇದದ ಪದಗಳ ಅರ್ಥ ಬಿಡಿಸುವ ಹಳೆಯ ಸಂಸ್ಕೃತ ಗ್ರಂಥ, ಯಾಸ್ಕನ ‘ನಿರುಕ್ತ’ದಲ್ಲಿ ಉಪಸರ್ಗಗಳ (ಪದದ ಮೊದಲಿಗೆ ಸೇರುವ ‘ಪ್ರ’, ‘ವಿ’ಯಂಥ ತುಣುಕುಗಳ) ಬಗ್ಗೆ ಎರಡು ವಾದ ಬರುತ್ತವೆ. ಬಿಡಿಯಾಗಿ ಅವಕ್ಕೆ ಅರ್ಥವಿಲ್ಲ, ಬೇರೆ ಪದದ ಜೊತೆ ಸೇರಿದರೆ ಮಾತ್ರ ಅದರ ಅರ್ಥವನ್ನು ತೋರಿಸಿಕೊಡುತ್ತವೆ ಎನ್ನುವವನು ಶಾಕಟಾಯನ. ಅವಕ್ಕೂ ತಮ್ಮದೇ ಬಗೆಬಗೆಯ ಅರ್ಥಗಳಿವೆ ಎನ್ನುವವನು ಗಾರ್ಗ್ಯ. ‘ಬಿಡು’ ಉಪಸರ್ಗವಲ್ಲ, ನಿಜ. ಆದರೂ ಪ್ರಶ್ನೆ ಒಂದೇ.

ನಾನು ಗಾರ್ಗ್ಯನ ಕಡೆ. ‘ಕೈಯಿಂದ ಹೋಯಿತು, ಇನ್ನು ಹಿಂದಕ್ಕೆ ಇಲ್ಲ’ ಎಂಬ ಒಂದು ಅರ್ಥ ಈ ‘ಬಿಡು’ವಿನಲ್ಲಿ ಗಟ್ಟಿಯಾಗಿ ಇದೆ. ಅಳುಕು, ಖುಷಿ, ಒತ್ತಾಯ ಎಲ್ಲ ಅದರಿಂದಲೇ ಹುಟ್ಟುತ್ತವೆ ಎಂಬುದು ನನ್ನ ಊಹೆ.

ಇದಕ್ಕೆ ‘ಅವನೇನು ಸುಮ್ನೆ ಬಂದುಬಿಡಲಿಲ್ಲ’ ಎಂಬ ಮಾತು ಆಧಾರ ಆಗಬಹುದು. ಇಲ್ಲಿ ಅವನು ಬಂದಿದ್ದಾನೆ. ಸಲೀಸಾಗಿ ಬಂದ ಎನ್ನುವುದನ್ನಷ್ಟೇ ಅಲ್ಲಗಳೆದಿದ್ದೇವೆ. ಬರೀ ಬಣ್ಣವಾಗಿದ್ದರೆ ಅದನ್ನು ಅಲ್ಲಗಳೆಯಲು ಬರುತ್ತಿರಲಿಲ್ಲ, ಅಲ್ವಾ? ಆದರೆ ಆ ಕೆಲಸ ಮಾಡುತ್ತಿರುವುದು ‘ಸುಮ್ನೆ’ ಎಂಬ ಪದವೇ ಇರಬಹುದು ಎಂದೂ ವಾದಿಸಬಹುದು. ‘ಸುಮ್ನೆ’ ತೆಗೆದು ‘ಅವನೇನು ಬಂದುಬಿಡಲಿಲ್ಲ’ ಎಂದಷ್ಟೇ ಹೇಳಿದರೆ ನಿಮ್ಮ ಕಿವಿಗೆ ಅವನು ಬಂದ ಹಾಗೆ ಕೇಳಿಸುತ್ತದಾ, ಬಾರದ ಹಾಗಾ?