ಮಾಲ್ಗುಡಿ ಡೇಸ್ ಡಿವಿಡಿ: ಮುಖ ಅಗಲ, ಅಂಚಲ್ಲಿ ಗೆರೆ

ಪ್ರಶ್ನೆ (ತೀರ್ಥಹಳ್ಳಿ): ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ಹೊಸ ಟಿವಿಯಲ್ಲಿ ಹಾಕಿದ್ರೆ ಎಲ್ಲರ ಮುಖವೂ ಕುಂಬಳಕಾಯಿ. ಯಾರಾದ್ರೂ ಓಡಿದ್ರೆ ಅಂಚಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ. ಡಿಸ್ಕ್ ಹಾಳಾ?

ಉತ್ತರ: ಡಿಸ್ಕ್ ಸರಿಯಾಗೇ ಇದೆ ಮಾರಾಯ್ರೇ. ಆ ಕಾಲದ ಚಿತ್ರದ ಅಗಲ-ಎತ್ತರದ ಅಳತೆ 4:3, ಹೊಸ ಟಿವಿ ಅದನ್ನ ತನ್ನ ಅಗಲದ 16:9ಕ್ಕೆ ಎಳೀತಿದೆ. ಪಿಕ್ಚರ್ ಸೈಜ್ 4:3 ಮಾಡಿ. ಎರಡೂ ಬದಿ ಕಪ್ಪು ಪಟ್ಟಿ ಬರ್ಲಿ, ಬಿಡಿ. ಜೂಮ್ ಮಾತ್ರ ಬೇಡ, ತಲೆ ಕತ್ತರಿಸತ್ತೆ.

ಉತ್ತರ: ಗೆರೆಗೆ ಕಾರಣ ಇಂಟರ್‌ಲೇಸಿಂಗ್, ಅಂದ್ರೆ ಒಂದು ಚಿತ್ರವನ್ನ ಸಾಲು ಬಿಟ್ಟು ಸಾಲಾಗಿ ಎರಡು ಅರ್ಧ ಮಾಡಿ ತೋರಿಸೋದು. ಪಾಲ್ (ನಮ್ಮ ಹಳೇ ಟಿವಿ ಪದ್ಧತಿ) ವಿಡಿಯೋದಲ್ಲಿ ಸೆಕೆಂಡಿಗೆ 25 ಫ್ರೇಮ್ (ಪೂರ್ತಿ ಚಿತ್ರ), ಒಂದೊಂದರಲ್ಲೂ 2 ಫೀಲ್ಡ್ (ಆ ಅರ್ಧಗಳು). ಎರಡೂ ಬೇರೆ ಬೇರೆ ಕ್ಷಣದ್ದು, ಹಾಗಾಗಿ ಓಡುವಾಗ ಅಂಚು ಹೊಂದಲ್ಲ. ಲ್ಯಾಪ್‌ಟಾಪಲ್ಲಿ ನೋಡೋದಾದ್ರೆ ವಿಎಲ್‌ಸಿ ಪ್ಲೇಯರ್‌ನಲ್ಲಿ ಡಿಇಂಟರ್‌ಲೇಸ್ (ಆ ಗೆರೆ ತೆಗೆಯೋ ಆಯ್ಕೆ) ಆನ್ ಮಾಡಿ, ಮೋಡ್ ‘ಯಾಡಿಫ್ 2ಎಕ್ಸ್’.

ಉತ್ತರ: ಮಳೆಗಾಲದ ಬೂಷ್ಟು ಹಿಡಿದಿದ್ರೆ ಒಣಬಟ್ಟೆಯಲ್ಲಿ ಉಜ್ಜಬೇಡಿ. ನೀರಲ್ಲಿ ತೊಳೆದು, ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ. ಸುತ್ತ ಒರೆಸಿದ್ರೆ ಗೀರು ಟ್ರ್ಯಾಕ್ (ಡಿಸ್ಕಲ್ಲಿ ಸುತ್ತಿಕೊಂಡಿರೋ ಮಾಹಿತಿಯ ಸಾಲು) ಉದ್ದಕ್ಕೂ ಬೀಳತ್ತೆ. ಅಡ್ಡ ಗೀರನ್ನಾದ್ರೆ ಪ್ಲೇಯರ್ ಹೇಗೋ ಸುಧಾರಿಸ್ಕೊಳತ್ತೆ.