‘ರೀಫ್ ಸೇಫ್’, ‘ಟ್ಯಾಂಕ್ ಮೇಟ್’ – ಚೀಟಿಯಲ್ಲಿ ಏನು ಬರೆಯೋಣ?

ಚಿಂತಾಮಣಿಯಲ್ಲಿ ಗೆಳೆಯನದೊಂದು ಮೀನಿನ ಅಂಗಡಿ ಇದೆ, ಸಾಕುವ ಮೀನಿನದು. ಈಗ ಹವಳ ಇರುವ ಉಪ್ಪುನೀರಿನ ಟ್ಯಾಂಕನ್ನೂ ಇಟ್ಟಿದ್ದಾನೆ. ಯಾವ ಮೀನು ಯಾವುದರ ಜೊತೆ ಇರುತ್ತದೆ ಅಂತ ಕನ್ನಡದಲ್ಲಿ ಚೀಟಿ ಅಂಟಿಸಬೇಕಂತೆ. ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ.

ಮೊದಲ ತೊಡಕು ‘ರೀಫ್ ಸೇಫ್’. ಹವಳವನ್ನು ತಿನ್ನದ ಮೀನು ಅಂತ ಅರ್ಥ. ‘ಹವಳಸ್ನೇಹಿ’ ಅಂತ ಒಬ್ಬರು ಹೇಳಿದರು, ನನಗೆ ಹಿಡಿಸಲಿಲ್ಲ. ಮೀನು ಹವಳಕ್ಕೆ ಏನೋ ಉಪಕಾರ ಮಾಡುತ್ತದೆ ಅನ್ನೋ ಹಾಗಿದೆ. ‘ಹವಳ ಮುಟ್ಟದ ಮೀನು’ ಅಂದರೆ ಹೇಗೆ? ‘ಹಸು ಈ ಹುಲ್ಲು ಮುಟ್ಟೋದೇ ಇಲ್ಲ’ ಅಂತೀವಲ್ಲ, ಹಾಗೆ.

ಆದರೆ ರೀಫ್ ಸೇಫ್ ಅಂದರೆ ಎಲ್ಲರ ಜೊತೆಗೂ ಸೈ ಅಂತ ಜನ ತಿಳಿದುಬಿಡುತ್ತಾರೆ. ಲಯನ್ ಫಿಶ್ ನೋಡಿ. ಹವಳ ಮುಟ್ಟುವುದಿಲ್ಲ, ನಿಜ. ಬಾಯಿಗೆ ಹಿಡಿಸುವ ಮೀನು, ಸೀಗಡಿ ಏನಿದ್ದರೂ ಗುಳುಂ. ಬಟರ್‌ಫ್ಲೈ ಮೀನುಗಳಲ್ಲಿ ಬಹಳಷ್ಟು ಇದಕ್ಕೆ ತದ್ವಿರುದ್ಧ. ಬೇರೆಯವರ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ, ಹವಳದ ಪುಟ್ಟ ಪುಟ್ಟ ಜೀವಿಗಳಾದ ಪಾಲಿಪ್‌ಗಳನ್ನು ಮಾತ್ರ ಕುಕ್ಕಿ ಕುಕ್ಕಿ ಮುಗಿಸುತ್ತವೆ. ಹಾಗಾಗಿ ಈ ಎರಡು ಗುಣಕ್ಕೆ ಎರಡು ಮಾತು ಬೇಕೇ ಬೇಕು.

ಎರಡನೆಯದಕ್ಕೆ, ಅಂದರೆ ಬೇರೆ ಮೀನಿನ ಜೊತೆ ಹೇಗಿರುತ್ತದೆ ಅನ್ನುವುದಕ್ಕೆ, ನಾನು ಕೊಟ್ಟಿಗೆಯ ಮಾತು ತಂದಿದ್ದೇನೆ. ಫೈರ್‌ಫಿಶ್ ‘ಸಾಧು’, ಡ್ಯಾಮ್ಸೆಲ್ ‘ಹಾಯೋದು’. ಮನೆಮನೆಗೂ ಹಸು ಇರುವ ಸೀಮೆ ನಮ್ಮದು, ಬಿಡಿಸಿ ಹೇಳಬೇಕಿಲ್ಲ. ಮೀನಿಗೆ ಕೊಂಬೆಲ್ಲಿದೆ ಅಂತ ಗೆಳೆಯ ನಕ್ಕ. ಟ್ಯಾಂಗ್ ಮೀನಿಗೆ ಬಾಲದ ಬುಡದಲ್ಲಿ ಎರಡೂ ಬದಿ ಚೂರಿಯಂಥ ಮುಳ್ಳಿದೆ, ಬಾಲ ಬೀಸಿದರೆ ಪಕ್ಕದವರ ಮೈ ಸೀಳುತ್ತದೆ. ಕೊಂಬಿಗಿಂತ ಕಡಿಮೆಯೇನಲ್ಲ ಅದು. ಡ್ಯಾಮ್ಸೆಲ್ ಬರೀ ಎರಡು ಮೂರು ಇಂಚಿನದು, ಆದರೆ ಕಲ್ಲಿನ ಸಂದೊಂದನ್ನು ಹಿಡಿದರೆ ಆಮೇಲೆ ಬಂದವರನ್ನು ಹತ್ತಿರಕ್ಕೂ ಬಿಡುವುದಿಲ್ಲ. ಅದಕ್ಕೇ ಸಾಧು ಮೀನನ್ನು ಮೊದಲು ಬಿಡಿ, ಹಾಯೋದನ್ನು ಕಡೆಗೆ ಅನ್ನುವುದು. ಪಾಪ ಫೈರ್‌ಫಿಶ್, ಬೆದರಿದರೆ ಟ್ಯಾಂಕಿನಿಂದ ಆಚೆಗೇ ಹಾರುತ್ತದೆ. ಮೇಲೆ ಜಾಲರಿ ಹಾಕಲೇಬೇಕು.

ಇನ್ನು ರಾಯಲ್ ಗ್ರಾಮಾ. ಮುಂದೆ ನೇರಳೆ, ಹಿಂದೆ ಹಳದಿ, ಕೆರಿಬಿಯನ್ ಕಡಲಿನದು, ಸುಮಾರು 8 ಸೆಂ.ಮೀ. ಉದ್ದ. ಉಳಿದವರ ಜೊತೆ ಚೆನ್ನಾಗಿಯೇ ಇರುತ್ತದೆ, ತನ್ನಂಥದೇ ಇನ್ನೊಂದನ್ನು ಕಂಡರೆ ಮಾತ್ರ ಆಗದು. ‘ಜಾತಿಗೆ ಜಾತಿ ಹಗೆ’ ಅನ್ನೋ ಗಾದೆ ಸರಿಯಾಗಿ ಕೂರುತ್ತದೆ. ಆದರೆ ಅಂಗಡಿಯಲ್ಲಿ ಅದನ್ನು ಅಂಟಿಸಿದರೆ ಬೇರೆಯೇ ಗಲಾಟೆ ಆಗುತ್ತೆ, ಅಲ್ವಾ? ಸದ್ಯಕ್ಕೆ ‘ಒಂದೇ ಇಡಿ’ ಅಂತ ಬರೆದಿದ್ದೇನೆ. ಕ್ಲೌನ್ ಮೀನಿಗೆ ‘ಜೋಡಿ ಇಡಿ’. ಅದರಲ್ಲಿ ದೊಡ್ಡದು ಹೆಣ್ಣು, ಚಿಕ್ಕದು ಗಂಡು.

ಉಳಿದದ್ದು ‘ಟ್ಯಾಂಕ್ ಮೇಟ್’, ಅಂದರೆ ಒಂದೇ ಟ್ಯಾಂಕಿನಲ್ಲಿ ಜೊತೆಗಿರುವ ಮೀನು. ‘ಒಡನಾಡಿ’ ಕವಿತೆಯ ಹಾಗಿದೆ. ‘ಸಹವಾಸಿ’ ಅಂದರೆ ಸಹವಾಸದೋಷ ನೆನಪಾಗುತ್ತದೆ. ಅಂಗಡಿಯಲ್ಲಿ ಸುಮ್ನೆ ‘ಇದಕ್ಕೆ ಅದು ಸೆಟ್ ಆಗುತ್ತೆ’ ಅಂತಾರೆ. ‘ಜೊತೆಗೆ ಆಗುವವು’ ಸಾಕೇ? ಕೋಲಾರ, ಪಾವಗಡದ ಕಡೆಯವರು ಏನಂತೀರಿ? ಚೀಟಿ ಮೂರು ಬೆರಳಗಲ ಅಷ್ಟೇ, ಎರಡು ಪದಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ.